ಗಾದಿಯ ಮೂಲೆಯ ಸೀರೆ

ತೀರ್ಥಹಳ್ಳಿಯ ವಾಸಪ್ಪನವರ ಜವಳಿ ಅಂಗಡಿಯಲ್ಲಿ ಸೀರೆ ವ್ಯಾಪಾರಕ್ಕೆ ಎರಡು ಗಾದಿ. ಬಿಳಿ ಬಟ್ಟೆ ಹೊದೆಸಿದ, ಕೂತರೆ ಮೊಣಕಾಲು ಹುದುಗುವಷ್ಟು ಮೆತ್ತಗಿನ ಎರಡು ಹಾಸಿಗೆಗಳು. ಬಾಗಿಲಿನಿಂದ ಒಳಗೆ ಬಂದವರಿಗೆ ಮೊದಲು ಸಿಗುವುದು ಹೂವಯ್ಯನ ಗಾದಿ. ಅದಕ್ಕೆ ತಾಗಿಕೊಂಡು ಗೋಡೆಯ ಕಡೆಗೆ ಸುರೇಂದ್ರನ ಗಾದಿ. ನಡುವೆ ಗೆರೆ ಎಂಬುದೇನೂ ಇರಲಿಲ್ಲ. ಆದರೆ ತನ್ನದು ಎಲ್ಲಿ ಮುಗಿಯುತ್ತದೆ, ಅವನದು ಎಲ್ಲಿ ಶುರುವಾಗುತ್ತದೆ ಎಂಬುದು ಹೂವಯ್ಯನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು.

ಹೂವಯ್ಯ ಮೀಸೆ ಚಿಗುರುವ ವಯಸ್ಸಿನಲ್ಲಿ ಲೈನಿಂಗ್ ಬಟ್ಟೆ ಹರಿಯುವ ಕೆಲಸಕ್ಕೆಂದು ಈ ಅಂಗಡಿಗೆ ಬಂದವನು. ಈಗ ತಲೆ ಅರ್ಧ ಬೆಳ್ಳಗಾಗಿದೆ. ಸೀರೆ ಬಿಚ್ಚುವುದರಲ್ಲಿ ಅವನದೇ ಒಂದು ಕೈಚಳಕ. ಮಡಿಕೆಯ ತುದಿ ಹಿಡಿದು ಒಮ್ಮೆ ಬೀಸಿದನೆಂದರೆ ಸೆರಗು ಗಾಳಿಯಲ್ಲಿ ಹರಡಿಕೊಂಡು ಹೋಗಿ, ಯಾರು ಉಡಬೇಕೋ ಅವರ ತೊಡೆಯ ಮೇಲೇ ಬೀಳುತ್ತಿತ್ತು. ಪಕ್ಕದಲ್ಲಿ ಕೂತ ಅತ್ತೆಯ ಮೇಲಲ್ಲ, ಚಿಕ್ಕಮ್ಮನ ಮೇಲಲ್ಲ. ತೊಡೆಯ ಮೇಲೆ ಬಂದು ಬಿದ್ದ ಸೆರಗನ್ನು ಹೆಣ್ಣುಮಕ್ಕಳು ಸುಲಭಕ್ಕೆ ತಳ್ಳುವುದಿಲ್ಲ ಎಂಬುದು ಅವನು ಕಲಿತ ಪಾಠ.

"ಹೂವಯ್ಯನ ಕೈ ಒಳ್ಳೇದು" ಎಂಬ ಮಾತು ಸುತ್ತಲ ಊರುಗಳಲ್ಲಿತ್ತು. ಅವನ ಕೈಯಿಂದ ಧಾರೆ ಸೀರೆ ತೆಗೆದುಕೊಂಡ ಹುಡುಗಿಯರು ಗಂಡನ ಮನೆಯಲ್ಲಿ ಚೆನ್ನಾಗಿ ಬಾಳುತ್ತಾರಂತೆ. ಇದು ನಿಜವೋ ಸುಳ್ಳೋ ಯಾರು ಲೆಕ್ಕ ಹಾಕಿದ್ದಾರೆ? ಆದರೆ ಮದುವೆಯ ಜವಳಿ ತೆಗೆಯಲು ಬರುವ ಕೆಲವು ಮನೆಯವರು ಒಳಗೆ ಕಾಲಿಟ್ಟ ಕೂಡಲೇ "ಹೂವಯ್ಯ ಇದ್ದಾನಾ?" ಎಂದು ಕೇಳುತ್ತಿದ್ದರು. ಹೂವಯ್ಯನಿಗೆ ಜಮೀನಿಲ್ಲ, ಸ್ವಂತ ಮನೆಯಿಲ್ಲ, ಮಕ್ಕಳಿಲ್ಲ. ಆ ಒಂದು ಪ್ರಶ್ನೆಯಿತ್ತು.

ಹಾಗೆ ಕೇಳುವವರಲ್ಲಿ ಮೊದಲನೆಯವರು ಕವಲೇದುರ್ಗದ ಕೆಳಗಿನ ಊರಿನ ರಂಗಮ್ಮ. ದೊಡ್ಡ ಒಕ್ಕಲು ಮನೆ. ಮಗಳ ಮದುವೆಗೆ, ಇಬ್ಬರು ಸೊಸೆಯರನ್ನು ತರುವಾಗ, ಎಲ್ಲಕ್ಕೂ ಜವಳಿ ಹೋಗಿದ್ದು ಹೂವಯ್ಯನ ಗಾದಿಯಿಂದ. ಆ ಮನೆಗೆ ಒಂದು ಪದ್ಧತಿ ಇತ್ತು. ಜವಳಿ ತೆಗೆಯುವ ದಿನ ಎಲ್ಲಕ್ಕಿಂತ ಮೊದಲು ಮನೆದೇವರಿಗೆ ಒಂದು ಸೀರೆ. ಕೆಂಪು ಒಡಲು, ಹಸಿರು ಅಂಚು, ಹತ್ತಿಯದ್ದು. ಅದನ್ನು ಬಿಚ್ಚಿ ನೋಡುವಂತಿಲ್ಲ, ಚೌಕಾಸಿ ಮಾಡುವಂತಿಲ್ಲ, ಅದರ ಮಾತೇ ಆಡುವಂತಿಲ್ಲ. ಮನೆಯ ಹಿರಿಯ ಹೆಂಗಸು ತಾನೇ ಕೈಚಾಚಿ ಎತ್ತಿಕೊಂಡು ಮಡಿಲಲ್ಲಿಟ್ಟು ಸೆರಗು ಮುಚ್ಚಬೇಕು. ಹಾಗೆ ಎತ್ತಿದ ಮೇಲೆ ದೇವರು ನೋಡುವ ಮೊದಲು ಇನ್ನೊಬ್ಬರ ಕಣ್ಣು ಅದರ ಮೇಲೆ ಬೀಳಬಾರದು. ಎಲ್ಲ ಜವಳಿ ಮುಗಿದು ಎದ್ದು ಹೊರಡುವಾಗ ಮಾತ್ರ ಅದರ ಬೆಲೆ ಕೇಳಿ ಬೇರೆಯಾಗಿ ಕೊಟ್ಟು ಹೋಗುತ್ತಾರೆ.

ಮಾರುವವನಿಗೂ ಅದರಲ್ಲೊಂದು ಪಾಲಿತ್ತು. ಅವರು ಬರುವ ಮೊದಲೇ ಆ ಸೀರೆಯನ್ನು ಗಾದಿಯ ಮೂಲೆಯಲ್ಲಿ ಇಟ್ಟಿರಬೇಕು. ಅವರು ಎತ್ತಿಕೊಳ್ಳುವಾಗ ಮುಖ ಆ ಕಡೆ ತಿರುಗಿಸಬೇಕು. ರಂಗಮ್ಮ ಮೊದಲ ಸಲ ಬಂದಾಗ ಇದನ್ನೆಲ್ಲ ಹೂವಯ್ಯನ ಕಿವಿಯಲ್ಲಿ ಹೇಳಿಕೊಟ್ಟಿದ್ದರು. ಅವನು ಯಾರಿಗೂ ಹೇಳಿರಲಿಲ್ಲ. ಹೇಳಬಾರದೆಂದೇನೂ ಇರಲಿಲ್ಲ. ಹೇಳಿದರೆ ಅದು ಎಲ್ಲರದೂ ಆಗಿಬಿಡುತ್ತದಲ್ಲ ಎಂದು ಇಟ್ಟುಕೊಂಡಿದ್ದ.

ಸುರೇಂದ್ರ ಹೊಸನಗರದ ಕಡೆಯವನು. ಮಾಸ್ತಿಕಟ್ಟೆಯಲ್ಲಿ ಅವನ ಭಾವನಿಗೆ ಹೋಟೆಲಿತ್ತು, ಅಲ್ಲಿ ಸಪ್ಲೈಯರ್ ಆಗಿದ್ದವನು ವಾಸಪ್ಪನವರ ಕಣ್ಣಿಗೆ ಬಿದ್ದು ಇಲ್ಲಿಗೆ ಬಂದ. ಹೂವಯ್ಯನಿಗಿಂತ ಚಿಕ್ಕವನು, ರಂಗಮ್ಮನ ಮನೆಯ ಹಿಂದಿನ ಮದುವೆಗಳೆಲ್ಲ ಮುಗಿದ ಮೇಲೆ ಬಂದವನು. ಸೀರೆ ಬೀಸಿದರೆ ಸೆರಗು ಎಲ್ಲೆಲ್ಲೋ ಬೀಳುತ್ತಿತ್ತು. ಆದರೆ ಬಾಯಿ ಚುರುಕು, ಮನಸ್ಸು ಹಗುರ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ "ಹೂವಣ್ಣ, ನಮ್ಮನೆ ಅಪ್ಪೆಮಿಡಿ ಉಪ್ಪಿನಕಾಯಿ ನೋಡಿ" ಎಂದು ಮೊದಲು ಹೂವಯ್ಯನ ತಟ್ಟೆಗೇ ಹಾಕುತ್ತಿದ್ದ. ಅವರಿಬ್ಬರ ನಡುವೆ ಜಗಳ ಎಂಬುದೇ ಇರಲಿಲ್ಲ, ಸೀರೆ ಕಳ್ಳರ ಗುಂಪು ಬರುವವರೆಗೆ.

ಆ ವರ್ಷ ಮದುವೆಯ ತಿಂಗಳುಗಳಲ್ಲಿ ಒಂದು ಗುಂಪು ಜವಳಿ ಅಂಗಡಿಗಳ ಬೆನ್ನುಬಿದ್ದಿತ್ತು. ನೋಡಿದರೆ ಮದುವೆ ಮನೆಯವರೇ. ಕೈತುಂಬ ಬಳೆ, ತಲೆತುಂಬ ಹೂವು, ಜೊತೆಗೊಬ್ಬಳು ಮದುಮಗಳು. ಬಂದು ಕೂತು ಇದು ತೆಗೀರಿ, ಅದು ತೆಗೀರಿ, ಮೇಲಿನ ಸ್ಟಾಕ್ ತೋರಿಸಿ ಎಂದು ಮಾರುವವನನ್ನು ಗೋಡೌನಿಗೆ ಓಡಿಸುವುದು. ಅಷ್ಟರಲ್ಲಿ ಸೀರೆಗಳು ಸೆರಗಿನ ಕೆಳಗೆ ಕೈಯಿಂದ ಕೈಗೆ ದಾಟಿ, ಲಂಗಕ್ಕೆ ಹೊಲಿದ ಚೀಲದಲ್ಲಿ ಮಾಯ. ಬೆಳಿಗ್ಗೆ ಸಾಗರ, ಮಧ್ಯಾಹ್ನ ಹೊಸನಗರ, ಸಂಜೆ ತೀರ್ಥಹಳ್ಳಿ. ಒಂದು ಊರಿನವರು ತಲೆ ಮೇಲೆ ಕೈಹೊತ್ತು ಕೂರುವಷ್ಟರಲ್ಲಿ ಅವರ ಕಾರು ಇನ್ನೊಂದು ಊರಿನಲ್ಲಿ ನಿಂತಿರುತ್ತಿತ್ತು.

ಪೊಲೀಸ್ ಇಲಾಖೆಯವರು ಮೂರೂ ತಾಲ್ಲೂಕಿನ ಅಂಗಡಿಯವರನ್ನು ಒಟ್ಟಿಗೆ ಕರೆದು ಸಭೆ ಮಾಡಿದರು. ಕುಮುದಾ ಎಂಬ ಪೊಲೀಸಿನವಳು ಮೈಕ್ ಹಿಡಿದು ಹೇಳಿದಳು: "ಕಳ್ಳರಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಒಂದೇ ಊರು. ನಿಮಗೆ ಮಾತ್ರ ಮೂರು ಊರು. ಅದಕ್ಕೇ ಅವರು ಗೆಲ್ತಾ ಇದಾರೆ." ಆ ದಿನ 'ಅಂಗಡಿ ಕಾವಲು' ಎಂಬ ವಾಟ್ಸಾಪ್ ಗುಂಪು ಶುರುವಾಯಿತು. ಜವಳಿ, ಚಿನ್ನ, ಚಪ್ಪಲಿ ಎಲ್ಲ ಅಂಗಡಿಯವರೂ, ಅಲ್ಲಿನ ಕೆಲಸದವರೂ ಅದರಲ್ಲಿ. ಅನುಮಾನ ಬಂದರೆ ಕೂಗಬಾರದು, ಮೈಮುಟ್ಟಬಾರದು. ಫೋಟೊ ತೆಗೆದು ಗುಂಪಿಗೆ ಹಾಕಬೇಕು, ಶಟರ್ ಅರ್ಧ ಎಳೆಯಬೇಕು, ಪೊಲೀಸರು ಬರುವವರೆಗೆ ಸೀರೆ ತೋರಿಸುತ್ತಲೇ ಇರಬೇಕು. ಎಲ್ಲ ಅಂಗಡಿಗೂ ಹೊಸ ಕ್ಯಾಮೆರಾ ಬಂದವು. ವಾಸಪ್ಪನವರು ತಮ್ಮ ಅಂಗಡಿಯದನ್ನು ದೇವರ ಫೋಟೊದ ಪಕ್ಕದಲ್ಲೇ ಕೂರಿಸಿ ಅದಕ್ಕೂ ಒಂದು ಹೂವು ಇಟ್ಟರು.

ಇದಾಗಿ ಕೆಲವೇ ದಿನಕ್ಕೆ ಕಳ್ಳರ ಗುಂಪು ವಾಸಪ್ಪನವರ ಅಂಗಡಿಗೇ ಬಂತು. ಬಂದು ಕೂತಿದ್ದು ಹೂವಯ್ಯನ ಗಾದಿಯಲ್ಲಿ. ಹೂವಯ್ಯನನ್ನು ಮೇಲಿನ ಸ್ಟಾಕ್ ತರಲು ಅಟ್ಟಕ್ಕೆ ಕಳಿಸಿದರು. ಅವನು ರೇಷ್ಮೆಯ ಕಟ್ಟು ಎತ್ತಿಕೊಂಡು ಏಣಿ ಇಳಿಯುವಷ್ಟರಲ್ಲಿ ಶಟರ್ ಅರ್ಧ ಇಳಿದಿತ್ತು. ಬೆಳಿಗ್ಗೆ ಸಾಗರದ ಅಂಗಡಿಯವರು ಹಾಕಿದ್ದ ಫೋಟೊದಲ್ಲಿದ್ದ 'ಮದುಮಗಳ' ಮೂಗುತಿಯನ್ನು ಸುರೇಂದ್ರ ಗುರುತು ಹಿಡಿದಿದ್ದ. ಪೊಲೀಸರು ಬಂದರು, ಕಾರು ಸಿಕ್ಕಿತು, ಕಾರಿನಲ್ಲಿ ಮೂರೂ ಊರಿನ ಸೀರೆಗಳು ಸಿಕ್ಕವು.

ಸುರೇಂದ್ರನಿಗೆ ಸಭೆಯಲ್ಲಿ ಶಾಲು ಹೊದೆಸಿ ಹಾರ ಹಾಕಿದರು. 'ಕಾವಲು ಮಿತ್ರ' ಎಂದು ಬರೆದ ಹಿತ್ತಾಳೆಯ ಬಿಲ್ಲೆಯೊಂದನ್ನು ಅಂಗಿಗೆ ಚುಚ್ಚಿದರು. ಅದರ ವಿಡಿಯೊ ಎಲ್ಲರ ಫೋನಿಗೂ ಬಂತು. ಹೂವಯ್ಯ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದ. ಅಂಗೈ ಒಂದಕ್ಕೊಂದು ತಾಗಿದವು, ಸದ್ದು ಬರಲಿಲ್ಲ.

"ಕಳ್ಳರು ಬಂದಿದ್ದು ನನ್ನ ಗಾದಿಗೆ" ಎಂದ ಮನೆಗೆ ಬಂದು.

ಹೆಂಡತಿ ಪುಷ್ಪಮ್ಮ ಕೊಟ್ಟೆ ಕಡುಬಿನ ಎಲೆ ಬಿಚ್ಚುತ್ತಿದ್ದವಳು ನಕ್ಕುಬಿಟ್ಟಳು. "ಅಯ್ಯೋ, ಕಳ್ರು ನಿಮ್ಮ ಹತ್ರ ಬಂದ್ರು ಅಂತಾನೂ ಹೆಮ್ಮೆಯಾ?"

"ಹಾಗಲ್ಲ. ನಾನು ಕೆಳಗಿದ್ದಿದ್ರೆ ನಾನೇ ಹಿಡೀತಿದ್ದೆ."

"ಇರ್ಲಿಲ್ವಲ್ಲ. ಪಾಪ, ಅವ್ನಿದ್ದ, ಹಿಡ್ದ. ತಿನ್ನಿ."

ಅವನು ತಿಂದ.

ಆಮೇಲಿನ ದಿನಗಳು ಹೂವಯ್ಯನಿಗೆ ಕಷ್ಟದವು. ಅಂಗಡಿಗೆ ಬಂದವರು ಬಾಗಿಲಲ್ಲೇ ನಿಂತು "ಕಳ್ಳರನ್ನ ಹಿಡಿದವ್ರು ಯಾರು?" ಎಂದು ಕೇಳುತ್ತಿದ್ದರು. ಹೂವಯ್ಯನ ಗಾದಿಯನ್ನು ಸುತ್ತುಹಾಕಿ ಗೋಡೆಯ ಕಡೆಗೆ ಹೋಗುತ್ತಿದ್ದರು. ಸುರೇಂದ್ರ ಸೀರೆ ಬಿಚ್ಚುತ್ತ ಮೂಗುತಿಯ ಕಥೆ ಹೇಳುತ್ತಿದ್ದ. ಪ್ರತಿ ಸಲ ಹೇಳುವಾಗಲೂ ಆ ಮೂಗುತಿ ಸ್ವಲ್ಪ ದೊಡ್ಡದಾಗುತ್ತಿತ್ತು. ಹೆಂಗಸರು ಕಥೆ ಕೇಳುತ್ತ ಕೇಳುತ್ತ ಸೀರೆ ಕೊಳ್ಳುತ್ತಿದ್ದರು. ಸೆರಗು ಎಲ್ಲಿ ಬಿದ್ದರೂ ಅವರಿಗೆ ಚಿಂತೆ ಇರಲಿಲ್ಲ.

ಹೂವಯ್ಯ ಸುಮ್ಮನೆ ಕೂತು ಸುರೇಂದ್ರನ ಕೈಯನ್ನೇ ನೋಡುತ್ತಿದ್ದ. ಮಡಿಸುವಾಗ ಅಂಚಿಗೆ ಅಂಚು ಕೂಡಿಸುವುದಿಲ್ಲ. ಜರಿಯನ್ನು ಒಳಗೆ ಮಡಿಸಬೇಕು, ಇವನು ಹೊರಗೆ ಬಿಡುತ್ತಾನೆ. ಇಷ್ಟು ವರ್ಷ ಕಾಣದಿದ್ದ ತಪ್ಪುಗಳು ಒಂದೊಂದಾಗಿ ಕಂಡವು. ಅಪ್ಪೆಮಿಡಿ ತಟ್ಟೆಗೆ ಬಿದ್ದರೆ "ಬಿಪಿ ಇದೆ ಮಾರಾಯ" ಎಂದು ಪಕ್ಕಕ್ಕೆ ಸರಿಸತೊಡಗಿದ. ಬಿಪಿ ಇರಲಿಲ್ಲ.

ಅಂಥ ದಿನಗಳಲ್ಲೇ ರಂಗಮ್ಮನ ಮನೆಯಿಂದ ಅಂಗಡಿಗೆ ಫೋನ್ ಬಂತು. ಮೊಮ್ಮಗಳು ಸ್ವಪ್ನಾಳ ಮದುವೆ, ಗುರುವಾರ ಜವಳಿಗೆ ಬರುತ್ತೇವೆ ಎಂದು. ವಾಸಪ್ಪನವರು ಹೇಳಿದಾಗ ಹೂವಯ್ಯನ ಎದೆಯಲ್ಲಿ ಬಹಳ ದಿನದ ಮೇಲೆ ಒಂದು ಕಿಟಕಿ ತೆಗೆದಂತಾಯಿತು. ಯಾರು ಎಲ್ಲಿ ಬೇಕಾದರೂ ಕೂರಲಿ. ರಂಗಮ್ಮ ತನ್ನ ಗಾದಿಯಲ್ಲಿ ಕೂತರೆ ಸಾಕು. ಆ ಮನೆಯ ಜವಳಿ ತನ್ನ ಕೈಯಿಂದ ಹೋದರೆ, ಬಿಲ್ಲೆ ಯಾರ ಅಂಗಿಯ ಮೇಲಿದ್ದರೇನು?

ಗುರುವಾರ ಬೆಳಿಗ್ಗೆ ಬೇಗ ಬಂದು ಗಾದಿಗೆ ಒಗೆದ ಬಿಳಿ ಹೊದಿಕೆ ಹಾಸಿದ. ಧಾರೆ ಸೀರೆಗಳನ್ನು ಆರಿಸಿ ಪಕ್ಕಕ್ಕೆ ಜೋಡಿಸಿದ. ಕೆಂಪು ಒಡಲು ಹಸಿರು ಅಂಚಿನ ಹತ್ತಿ ಸೀರೆಯೊಂದನ್ನು ತೆಗೆದು, ಧೂಳು ಕೊಡವಿ, ತನ್ನ ಗಾದಿಯ ಮೂಲೆಯಲ್ಲಿ ಇಟ್ಟ. ಆ ಮೂಲೆ ಸುರೇಂದ್ರನ ಗಾದಿಗೆ ತಾಗಿಕೊಂಡಿದ್ದ ಮೂಲೆ.

ಟೆಂಪೊ ಬಂದು ನಿಂತಿತು. ರಂಗಮ್ಮ, ಸೊಸೆಯರು, ಮಗಳು, ಸ್ವಪ್ನಾ, ಇನ್ನೂ ಕೆಲವು ಹೆಂಗಸರು ಗಲಗಲ ಎಂದು ಒಳಗೆ ಬಂದರು. ಹೂವಯ್ಯ ಎದ್ದು ನಿಂತು ಕೈಮುಗಿದ.

"ಬಂದ್ರಾ ಅಮ್ಮ? ಬನ್ನಿ, ಕೂತ್ಕೊಳ್ಳಿ."

"ಬಂದೆ ಕಣೋ. ಇನ್ನೂ ಇದ್ದೀಯಲ್ಲ, ನಾನೂ ಇದೀನಿ ನೋಡು" ಎಂದರು ರಂಗಮ್ಮ. ಮಂಡಿ ಹಿಡಿದುಕೊಂಡು ಹೂವಯ್ಯನ ಗಾದಿಗೆ ಇನ್ನೇನು ಕೂರಬೇಕು, ಅಷ್ಟರಲ್ಲಿ ಸ್ವಪ್ನಾ ಕೂಗಿದಳು.

"ಅಜ್ಜಿ, ಇಲ್ಲಿ! ವಿಡಿಯೋದಲ್ಲಿ ಬಂದಿದ್ರಲ್ಲ, ಕಳ್ಳರನ್ನ ಹಿಡ್ದವ್ರು, ಇವ್ರೇ!"

ಹೆಂಗಸರೆಲ್ಲ ಗೋಡೆಯ ಕಡೆಗೆ ಸರಿದರು. ಸುರೇಂದ್ರ ನಾಚಿಕೊಂಡು ಎದ್ದು ನಿಂತು ಗಾದಿ ಕೊಡವಿದ. ಸ್ವಪ್ನಾ ಆಗಲೇ ಕೂತಾಗಿತ್ತು. ರಂಗಮ್ಮ ಒಂದು ಗಳಿಗೆ ನಿಂತು ಹೂವಯ್ಯನ ಮುಖ ನೋಡಿದರು. "ಉಡೋದು ಅವ್ಳಲ್ವಾ, ಕೂರ್ಲಿ ಬಿಡು" ಎಂದು ಮೊಮ್ಮಗಳ ಪಕ್ಕಕ್ಕೆ ಹೋಗಿ ಕೂತರು. ಕೂತಿದ್ದು ಸುರೇಂದ್ರನ ಗಾದಿಯಲ್ಲೇ, ಆದರೆ ಈ ಕಡೆಯ ಅಂಚಿನಲ್ಲಿ.

ಹೂವಯ್ಯ ಕೂತ. ಎದುರಿಗೆ ಒಗೆದ ಹೊದಿಕೆಯ ಮೇಲೆ ಒಂದು ಮಡಿಕೆಯೂ ಬಿದ್ದಿರಲಿಲ್ಲ.

ಸುರೇಂದ್ರ ಮೂಗುತಿಯ ಕಥೆ ಶುರುಮಾಡಿದ. "ಆಮೇಲೆ? ಆಮೇಲೆ?" ಎಂದು ಸ್ವಪ್ನಾ ಕೇಳುತ್ತಿದ್ದಳು. ರಂಗಮ್ಮ ಕಥೆ ಕೇಳುತ್ತಿರಲಿಲ್ಲ. ಅವರ ಕಣ್ಣು ಹೂವಯ್ಯನ ಗಾದಿಯ ಮೂಲೆಗೆ ಬಂತು. ಕೆಂಪು ಸೀರೆಯನ್ನು ಕಂಡಿತು. ಮುಖದಲ್ಲಿ ಸಣ್ಣದೊಂದು ನಗು ಹಾದುಹೋಯಿತು. ಮೆಲ್ಲಗೆ ಕೈಚಾಚಿ ಸೀರೆಯನ್ನು ಎತ್ತಿ ಮಡಿಲಿಗೆ ಎಳೆದುಕೊಂಡು ಸೆರಗು ಮುಚ್ಚಿದರು.

ಪದ್ಧತಿಯಂತೆ ಹೂವಯ್ಯ ಮುಖ ತಿರುಗಿಸಿದ. ಕೂತಿದ್ದು ಅವನಲ್ಲಿ, ದೇವರ ಸೀರೆ ಮಾತ್ರ ನನ್ನಲ್ಲಿ ಎಂದುಕೊಂಡ. ಆ 'ಮಾತ್ರ' ಎಂಬುದು ಸಮಾಧಾನವಾಗಿ ಕಾಣಬೇಕಿತ್ತು. ಮುಳ್ಳಿನಂತೆ ಕಂಡಿತು.

ಕಥೆ ನಿಂತಿತು. ಹೂವಯ್ಯ ಓರೆಗಣ್ಣಿನಲ್ಲಿ ನೋಡಿದ. ಸುರೇಂದ್ರನ ಮುಖ ಬಿಳಿಚಿಕೊಂಡಿತ್ತು. ಅವನು ನೋಡಿದ್ದ. ಪಕ್ಕದ ಗಾದಿಯಿಂದ ಸೀರೆ ಎತ್ತಿದ್ದು, ಸೆರಗಿನಡಿ ಸೇರಿಸಿದ್ದು, ಮಾರುವವನು ಆ ಕಡೆ ತಿರುಗಿದ್ದಾಗಲೇ ಎತ್ತಿದ್ದು. ಸಭೆಯಲ್ಲಿ ಕುಮುದಾ ಹೇಳಿಕೊಟ್ಟ ಪಾಠ ಅಕ್ಷರ ಬಿಡದಂತೆ ಕಣ್ಣೆದುರು ನಡೆದಿತ್ತು. ಸುರೇಂದ್ರ ದರ ನೋಡುವವನಂತೆ ಫೋನ್ ಎತ್ತಿ, ಇಳಿಸಿದ. ಹೂವಯ್ಯನ ಕಿಸೆಯಲ್ಲಿ ಫೋನ್ ಗುಂಯ್ ಎಂದಿತು.

ತೆಗೆದು ನೋಡಿದ. 'ಅಂಗಡಿ ಕಾವಲು' ಗುಂಪಿನಲ್ಲಿ ರಂಗಮ್ಮನ ಫೋಟೊ. ಬಾಗಿದ ತಲೆ, ಉಬ್ಬಿದ ಮಡಿಲು, ಸೆರಗಿನಿಂದ ಇಣುಕುತ್ತಿದ್ದ ಹಸಿರು ಅಂಚು. ಫೋಟೊದ ಅಂಚಿನಲ್ಲಿ ತನ್ನದೇ ಮೊಣಕಾಲು. ಕೆಳಗೆ ಸುರೇಂದ್ರ ಬರೆದಿದ್ದ: ಅನುಮಾನ, ಬೇಗ ಬನ್ನಿ.

"ಸುರೇಂದ್ರ, ಅದು ದೇವರ ಸೀರೆ ಮಾರಾಯ." ಅಷ್ಟೇ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈ ಚಾಚಿದರೆ ಸುರೇಂದ್ರನ ತೋಳು ಸಿಗುತ್ತಿತ್ತು. ಪಿಸುಗುಟ್ಟಿದ್ದರೆ ಫೋಟೊ ಅಳಿಸಿ ಹೋಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೇ ಹೂವಯ್ಯನ ನಾಲಿಗೆಯನ್ನು ಹಿಡಿಯಿತು. ಈಗ ಹೇಳಿದರೆ ಸುರೇಂದ್ರ "ಓ, ಹೌದಾ ಹೂವಣ್ಣ?" ಎಂದು ನಕ್ಕು ಮತ್ತೆ ಮೂಗುತಿಯ ಕಥೆಗೆ ಹೋಗುತ್ತಾನೆ. ಕುಮುದಾ ಬರಲಿ, ವಾಸಪ್ಪನವರು ಬರಲಿ. ಎಲ್ಲರೆದುರು ಹೇಳುತ್ತೇನೆ. ಬಿಲ್ಲೆ ಹಾಕಿಕೊಂಡವನಿಗೆ ಏನು ಗೊತ್ತು, ಹಾಕಿಕೊಳ್ಳದವನಿಗೆ ಏನು ಗೊತ್ತು ಎಂದು ಬೀದಿಯೇ ನೋಡಲಿ. ಅಷ್ಟಕ್ಕೂ ದೇವರ ಸೀರೆಯ ಮಾತು ಆಡಬಾರದಲ್ಲ, ಮುಖ ತಿರುಗಿಸಬೇಕು ಎಂದು ಅವರೇ ಹೇಳಿಕೊಟ್ಟಿದ್ದಲ್ಲವೇ?

ಹೂವಯ್ಯ ಫೋನನ್ನು ಕಿಸೆಗೆ ಹಾಕಿ ಧಾರೆ ಸೀರೆಗಳ ಕಡೆ ಮುಖ ಮಾಡಿ ಕೂತ.

ಫೋಟೊ ನೋಡಿದ ವಾಸಪ್ಪನವರು, ಹಳೆಯ ಗಿರಾಕಿಗಳಾದರೂ ನಿಯಮ ನಿಯಮವೇ ಎಂದು ಗಲ್ಲಾದಿಂದ ಎದ್ದುಹೋಗಿ ಶಟರ್ ಅರ್ಧ ಎಳೆದರು. ಕರಕರ ಸದ್ದಿಗೆ ಹೆಂಗಸರೆಲ್ಲ ತಿರುಗಿದರು.

"ಎಂಥಕ್ಕೆ ಬಾಗ್ಲು ಹಾಕಿದ್ರಿ?" ಎಂದಳು ರಂಗಮ್ಮನ ಹಿರಿಯ ಸೊಸೆ.

"ಹೊರಗೆ ಧೂಳು ತಾಯಿ" ಎಂದರು ವಾಸಪ್ಪ. ಬೆಳಗಿನ ಜಾವ ಬಿದ್ದ ಮಳೆಗೆ ಬೀದಿಯಲ್ಲಿ ಧೂಳೇ ಇರಲಿಲ್ಲ.

ಶಟರಿನ ಕೆಳಗೆ ಆಚೆ ಅಂಗಡಿಯವರ ಕಾಲುಗಳು ಒಂದೊಂದಾಗಿ ಬಂದು ನಿಂತವು. ಒಂದು ಜೋಡಿ, ಎರಡು ಜೋಡಿ, ಆಮೇಲೆ ಒಂದು ಸಾಲು. ಬಾಗಿ ಒಳಗೆ ಇಣುಕಿದ ಚಪ್ಪಲಿ ಅಂಗಡಿಯ ನಿಂಗಪ್ಪ, "ಯಾರದು, ಆ ಮುದುಕಿಯಾ?" ಎಂದ. ಮೆಲ್ಲಗೆ ಅಂದನೆಂದು ಅವನು ತಿಳಿದುಕೊಂಡಿದ್ದ. ಎಲ್ಲರಿಗೂ ಕೇಳಿತು.

ರಂಗಮ್ಮನಿಗೂ ಕೇಳಿತು. ಅವರು ಮೊದಲು ಕಾಲುಗಳನ್ನು ನೋಡಿದರು. ಆಮೇಲೆ ತಮ್ಮ ಮಡಿಲು ನೋಡಿಕೊಂಡರು. ಆಮೇಲೆ ನೇರವಾಗಿ ಹೂವಯ್ಯನನ್ನು ನೋಡಿದರು. ಹೂವಯ್ಯ ಆ ಕಣ್ಣನ್ನು ಕಂಡ, ಕಂಡು ತನ್ನ ಕಣ್ಣು ಕೆಳಗಿಳಿಸಿದ. ಇನ್ನೂ ಕುಮುದಾ ಬಂದಿರಲಿಲ್ಲ.

ಕುಮುದಾ ಶಟರಿನಡಿ ಬಾಗಿ ಒಳಗೆ ಬಂದಳು. ಮೊಣಕಾಲೂರಿ ಕೂತು, ಮೃದುವಾಗಿಯೇ ಕೇಳಿದಳು: "ಅಜ್ಜಿ, ಮಡಿಲಲ್ಲಿ ಎಂತ ಇದೆ?"

ಸ್ವಪ್ನಾ ಅಳತೊಡಗಿದಳು. ಸೊಸೆ ಎದ್ದು ನಿಂತು "ಯಾರ ಮನೆಯವ್ರು ಅಂತ ಗೊತ್ತಿದ್ಯಾ ನಿಮ್ಗೆ?" ಎಂದು ಕೂಗಿದಳು. ರಂಗಮ್ಮ ಮಾತಾಡಲಿಲ್ಲ. ದೇವರ ಸೀರೆಯ ಮಾತು ಆಡುವಂತಿಲ್ಲವಲ್ಲ. ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಹಿಡಿದುಕೊಂಡಷ್ಟೂ ಅದು ಕಳ್ಳತನವಾಗಿಯೇ ಕಾಣುತ್ತಿತ್ತು.

ಆಗ ಹೂವಯ್ಯ ಎದ್ದ.

"ಮೇಡಂ, ಬಿಡಿ. ಅದು ಅವರ ಮನೆದೇವರ ಸೀರೆ" ಎಂದು ಶುರುಮಾಡಿ, ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದ. ಮೂಲೆಯಲ್ಲಿಡುವುದು, ಹಿರಿಯರು ಎತ್ತುವುದು, ಮುಖ ತಿರುಗಿಸುವುದು, ಕೊನೆಗೆ ಬೆಲೆ ಕೇಳುವುದು. ದನಿ ಅವನಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು. "ಇದನ್ನ ನಾನೇ ಬೆಳಿಗ್ಗೆ ಅಲ್ಲಿಟ್ಟಿದ್ದೆ. ಬೇಕಾದ್ರೆ ನಿಮ್ಮ ಕ್ಯಾಮೆರಾದಲ್ಲೇ ನೋಡಿ." ಶಟರಿನಾಚೆ ಯಾರೋ "ಭೇಷ್ ಹೂವಯ್ಯ" ಎಂದರು. ಸುರೇಂದ್ರನ ಮುಖ ಕುಗ್ಗಿ ಹೋಗಿತ್ತು. ಎದೆಯ ಮೇಲಿನ ಬಿಲ್ಲೆಯನ್ನು ಅವನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ. ಹೂವಯ್ಯ ಅದನ್ನು ನೋಡಿದ. ಬಹಳ ದಿನದಿಂದ ಕಾಯುತ್ತಿದ್ದುದನ್ನು ನೋಡಿದ ಹಾಗೆ ನೋಡಿದ.

ರಂಗಮ್ಮ ಸೆರಗು ಸರಿಸಿ ಕೆಂಪು ಸೀರೆಯನ್ನು ಹೊರತೆಗೆದು ಗಾದಿಯ ಮೇಲಿಟ್ಟರು.

"ಇದಿನ್ನು ದೇವರಿಗೆ ಆಗಲ್ಲ. ಊರೆಲ್ಲ ನೋಡಿ ಆಯ್ತು" ಎಂದರು. ಸೊಸೆಯ ಹೆಗಲು ಹಿಡಿದು ಎದ್ದರು. ಹೂವಯ್ಯನ ಎದುರು ಒಂದು ಗಳಿಗೆ ನಿಂತರು. ಅವನು ಕೈಮುಗಿದ.

"ಬಾಗ್ಲು ಎಳೆಯೋವಾಗ ನೀನು ಇಲ್ಲೇ ಕೂತಿದ್ಯಲ್ಲ, ಹೂವಯ್ಯ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಉತ್ತರಕ್ಕೂ ಅವರು ನಿಲ್ಲಲಿಲ್ಲ.

ಟೆಂಪೊ ಹೊರಟುಹೋಯಿತು. ಆ ಮನೆಯ ಜವಳಿ ಆ ದಿನ ಯಾರ ಗಾದಿಯಿಂದಲೂ ಹೋಗಲಿಲ್ಲ.

ಮರುದಿನ ಸುರೇಂದ್ರ ರಜೆ ಹಾಕಿ ಬೈಕಿನಲ್ಲಿ ಕವಲೇದುರ್ಗದ ಕಡೆ ಹೋದ. ಗುಂಪಿನಿಂದ ಫೋಟೊ ಅಳಿಸಿ, 'ತಪ್ಪು ನನ್ನದು, ಅವರು ದೊಡ್ಡ ಮನಸ್ಸಿನ ಮನೆಯವರು' ಎಂದು ಮೂರೂ ಊರಿನವರಿಗೆ ತಿಳಿಯುವ ಹಾಗೆ ಬರೆದು ಹೋಗಿದ್ದ. ರಂಗಮ್ಮನ ಅಂಗಳದಲ್ಲಿ ಕೂತು, ಬೈಸಿಕೊಂಡು, ಊಟದ ಹೊತ್ತಾದರೂ ಏಳದೆ, ಕೊನೆಗೆ ಅಲ್ಲೇ ಊಟ ಮಾಡಿ ಬಂದನಂತೆ. ಬಂದವನು ಹೂವಯ್ಯನಿಗೇ ಹೇಳಿದ: "ಹೂವಣ್ಣ, ನಿಮ್ಮಿಂದ ಉಳ್ಕೊಂಡೆ. ನೀವು ಎದ್ದು ಹೇಳ್ದೇ ಇದ್ದಿದ್ರೆ ಎಂಥಾ ಪಾಪ ಆಗ್ತಿತ್ತು!"

ಹೂವಯ್ಯ "ಅಯ್ಯೋ, ಇರ್ಲಿ ಬಿಡು" ಎಂದ. ಸುರೇಂದ್ರನ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಇವನು ತನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಾನು ಮಾಡಿದ್ದು ಇವನಿಗೆ ಗೊತ್ತಿಲ್ಲ ಎಂಬುದಕ್ಕಿಂತ, ಇವನು ಆ ಅಂಗಳದಲ್ಲಿ ಊಟ ಮಾಡಿ ಬಂದಿದ್ದಾನೆ ಎಂಬುದೇ ಹೂವಯ್ಯನನ್ನು ಕೊರೆಯಿತು. ಇಷ್ಟು ವರ್ಷದಲ್ಲಿ ತಾನು ಆ ಮನೆಯ ಅಂಗಳ ನೋಡಿರಲಿಲ್ಲ.

"ಎಂತ ಬಡಿಸಿದ್ರು?" ಎಂದು ಕೇಳಿಬಿಟ್ಟ.

"ಕಳಲೆ ಪಲ್ಯ, ಅಕ್ಕಿ ರೊಟ್ಟಿ. ಆ ಅಜ್ಜಿ ಕೈಯ ರುಚಿಯೇ ರುಚಿ ಹೂವಣ್ಣ."

ಮುಂದಿನ ಸಭೆಯಲ್ಲಿ ಕುಮುದಾ ಹೊಸ ನಿಯಮ ಹೇಳಿದಳು. ಮದುವೆಯ ಜವಳಿಗೆ ಬಂದವರ ಫೋಟೊ ಹಾಕುವ ಮೊದಲು ಅಂಗಡಿಯ ಹಳಬರನ್ನು ಕೇಳಲೇಬೇಕು. ಕಳ್ಳರನ್ನು ಹಿಡಿಯುವುದು ಎಷ್ಟು ಮುಖ್ಯವೋ, ಮರ್ಯಾದಸ್ಥರನ್ನು ಕಳ್ಳರ ಸಾಲಿಗೆ ನಿಲ್ಲಿಸದಿರುವುದೂ ಅಷ್ಟೇ ಮುಖ್ಯ ಎಂದು ಹೇಳಿ ಹೂವಯ್ಯನನ್ನು ವೇದಿಕೆಗೆ ಕರೆದಳು. ಶಾಲು ಹೊದೆಸಿದರು. 'ಹಿರಿಯ ಕಾವಲು ಮಿತ್ರ' ಎಂಬ ಬಿಲ್ಲೆಯನ್ನು ಅಂಗಿಗೆ ಚುಚ್ಚಿದರು. ಸುರೇಂದ್ರನದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿತ್ತು. ಹೂವಯ್ಯ ಅದನ್ನು ಕಣ್ಣಳತೆಯಲ್ಲೇ ತಿಳಿದುಕೊಂಡ. ಮುಂದಿನ ಸಾಲಿನಲ್ಲಿ ಕೂತ ಸುರೇಂದ್ರ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ. ಅದರ ಸದ್ದು ಇಡೀ ಸಭೆಗೆ ಕೇಳುತ್ತಿತ್ತು.

ಮದುವೆ ಹತ್ತಿರ ಬಂದಾಗ ರಂಗಮ್ಮನ ಟೆಂಪೊ ಮತ್ತೆ ಅಂಗಡಿಯ ಮುಂದೆ ನಿಂತಿತು. ಹೂವಯ್ಯ ಆ ದಿನವೂ ಬೇಗ ಬಂದಿದ್ದ. ಹೊದಿಕೆ ಒಗೆಸಿದ್ದ. ಕೆಂಪು ಒಡಲು ಹಸಿರು ಅಂಚಿನ ಹೊಸ ಸೀರೆಯೊಂದು ಮೂಲೆಯಲ್ಲಿತ್ತು. ಅಂಗಿಯ ಮೇಲೆ ಬಿಲ್ಲೆಯನ್ನೂ ಹಾಕಿಕೊಂಡಿದ್ದ. ತೆಗೆದಿಡಬೇಕೋ ಇರಲೋ ಎಂದು ಮನೆಯಲ್ಲಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಕೊನೆಗೆ ಇರಲಿ ಎಂದುಕೊಂಡಿದ್ದ.

"ಬಂದ್ರಾ ಅಮ್ಮ?" ಎಂದು ಎದ್ದ.

ರಂಗಮ್ಮ ನಿಂತರು. ಬಿಲ್ಲೆಯನ್ನು ನೋಡಿದರು. "ಇದೆಂಥದಾ?"

"ಪೊಲೀಸ್ನೋರು ಕೊಟ್ಟಿದ್ದು ಅಮ್ಮ. ಬಂದೋರನ್ನ ನೋಡಿ, ಇಂಥೋರು ಅಂತ ಹೇಳೋದಕ್ಕೆ."

"ನೋಡೋದೇನೋ ಮೊದ್ಲಿಂದ್ಲೂ ನೋಡ್ತಿದ್ದೆ ನೀನು" ಎಂದರು ರಂಗಮ್ಮ. ಕೋಪವಿರಲಿಲ್ಲ ದನಿಯಲ್ಲಿ. ಕೋಪವಿದ್ದಿದ್ದರೆ ಹೂವಯ್ಯನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಅವರು ಅವನ ಗಾದಿಯನ್ನು ದಾಟಿ ಗೋಡೆಯ ಕಡೆಗೆ ಹೋದರು. ಈ ಸಲ ಅಂಚಿನಲ್ಲಿ ಕೂರಲಿಲ್ಲ, ನಡುಮಧ್ಯ ಕೂತರು. ಸುರೇಂದ್ರ ಹೂವಯ್ಯನ ಕಡೆ ನೋಡಿ, "ಹೂವಣ್ಣ, ಮೊದಲನೇದು ನೀವೇ..." ಎಂದು ಶುರುಮಾಡಿದ. ರಂಗಮ್ಮ ಬೇಡವೆಂದು ತಲೆಯಾಡಿಸಿದರು. "ಅವತ್ತು ಅಂಗಳದಲ್ಲಿ ನಾನು ಹೇಳಿಕೊಟ್ನಲ್ಲ, ಹಾಗೆ ಮಾಡು. ಸಾಕು" ಎಂದರು. ಸುರೇಂದ್ರನ ಗಾದಿಯ ಆಚೆ ಮೂಲೆಯಲ್ಲೂ ಒಂದು ಕೆಂಪು ಸೀರೆ ಇತ್ತು ಎಂಬುದನ್ನು ಹೂವಯ್ಯ ಆಗಷ್ಟೇ ಕಂಡ. ಅವರು ಅದಕ್ಕೆ ಕೈಚಾಚಿದರು. ಸುರೇಂದ್ರ ಮುಖ ತಿರುಗಿಸಿದ. ತಿರುಗಿಸಿದ ಮುಖ ಹೂವಯ್ಯನ ಕಡೆಗೇ ಇತ್ತು, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿತ್ತು.

ಹೂವಯ್ಯ ತನ್ನ ಮೂಲೆಯ ಸೀರೆಯನ್ನು ಎತ್ತಿ ಕಪಾಟಿಗಿಟ್ಟ. ಯಾರೂ ಕೇಳದ ಧಾರೆ ಸೀರೆಯೊಂದನ್ನು ತೆಗೆದು, ಬಿಚ್ಚಿ, ಜರಿಯನ್ನು ಒಳಗೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದ. ಪಕ್ಕದಲ್ಲಿ ಸುರೇಂದ್ರ ಮೊದಲ ಧಾರೆ ಸೀರೆಯನ್ನು ಬೀಸಿದ. ಹೂವಯ್ಯ ತಲೆಯೆತ್ತಲಿಲ್ಲ. ಆದರೂ ಕೈ ನಿಂತಿತು, ಕಣ್ಣು ತಾನಾಗಿ ಆ ಕಡೆ ಹೋಯಿತು. ಸೆರಗು ಗಾಳಿಯಲ್ಲಿ ಸೊಟ್ಟಗೆ ಹರಡಿಕೊಂಡು, ಸ್ವಪ್ನಾಳ ತೊಡೆಯವರೆಗೆ ಹೋಗದೆ ಮುಂದೆಯೇ ಬಿದ್ದಿತು.

ಹಾಗೇ ಬೀಳುತ್ತದೆ ಎಂದು ಹೂವಯ್ಯನಿಗೆ ಮೊದಲೇ ಗೊತ್ತಿತ್ತು. ಸ್ವಪ್ನಾ ನಗುತ್ತ ಮುಂದಕ್ಕೆ ಬಾಗಿ, ಎರಡೂ ಕೈ ಚಾಚಿ, ಸೆರಗನ್ನು ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡಳು.